ಎರಡು ಪಾಸು, ಒಂದು ಪತ್ರ

ಗುರುವಾರ, ಮಧ್ಯಾಹ್ನದ ಬಿಡುವು
ಪ್ರೆಸ್ಸಿನ ಹಿಂದಿನ ಕೋಣೆ

ಪ್ರೀತಿಯ ಅಮ್ಮಾ,

ನಿನ್ನ ಸಿಡುಕು ಮೂತಿಯ ಮಗಳು ಬರೆಯುತ್ತಿದ್ದೇನೆ. ಕನ್ನಡಕ ಹುಡುಕಿ ಹಾಕಿಕೊಂಡು, ಒಂದು ಕಡೆ ಕೂತು ಓದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಕಿರುಚುತ್ತೇನೆ, ಆಮೇಲೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ನಾನು ಮನೆ ಬಿಟ್ಟು ಹಾಸ್ಟೆಲ್ಲಿಗೆ ಬಂದ ಮೂರು ತಿಂಗಳಿಂದ ಇದೇ ಆಗಿದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಓದಿ ಹರಿ.

ಮಂಗಳವಾರ ನೀನು ನನ್ನನ್ನು ಕೇಳಿದ್ದು ಎರಡು. ಭಾನುವಾರದ ಸಂಗೀತ ಕಾರ್ಯಕ್ರಮಕ್ಕೆ ಎರಡು ಪಾಸು, ಅತ್ತಿಗೆಗೆ ಒಂದು ಪತ್ರ. ಟಿಕೆಟ್ಟು, ಪೋಸ್ಟರು ಎಲ್ಲ ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲೇ ಆದ್ದರಿಂದ ಪಾಸಿಗೇನೂ ತೊಂದರೆಯಿಲ್ಲ ಅಂದೆ. ಪತ್ರಕ್ಕೆ ಮಾತ್ರ ನೀನು ಪುಸಲಾಯಿಸಿದೆ. "ನೀನು ಬರೆದ್ರೆ ಕಲ್ಲೂ ಕರಗುತ್ತೆ ಕಣೇ. ಆದದ್ದು ಆಗೋಯ್ತು, ನಾವ್ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಅಂತ ಬರಿ. ಬೀದೀಲಿ ನಿಂತು ಮಾನ ಕಳೆದಿದ್ದಕ್ಕೆ ಅವಳು ತಪ್ಪಾಯ್ತು ಅಂತ ಒಂದೇ ಒಂದು ಮಾತು ಅಂದ್ಬಿಡ್ಲಿ, ಸಾಕು" ಅಂದೆ. ಭಾನುವಾರ ಬೆಳಿಗ್ಗೆ ಅಣ್ಣ ಆ ಪತ್ರ ಹಿಡಿದುಕೊಂಡು ಅತ್ತಿಗೆಯ ಅಕ್ಕನ ಮನೆಗೆ ಹೋಗುವುದು, ಅವರನ್ನು ಕರೆದುಕೊಂಡು ಬರುವುದು, ಸಂಜೆ ನೀನೂ ಅವರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಹಾಡು ಕೇಳುವುದು. ಎಂಥ ಚೆಂದದ ಏರ್ಪಾಡು. ಕಂಬದ ಹಿಂದಿನ ಕುರ್ಚಿ ಬೇಡ, ಹಾಡುವವನ ಮುಖ ಕಾಣಬೇಕು ಅಂತಲೂ ಹೇಳಿದೆ.

ಪಾಸೂ ಇಲ್ಲ, ಪತ್ರವೂ ಇಲ್ಲ ಅಮ್ಮಾ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಹಾಳೆ.

ಮೊದಲು ನಿನ್ನ ಗಾಯಕನ ವಿಷಯ. ನೀನು ಅವನನ್ನು 'ನಮ್ಮ ಹುಡುಗ' ಅನ್ನುತ್ತೀಯ. ಅವನ ಜೋಗುಳ ಕೇಳಿಸಿಯೇ ನನ್ನನ್ನು ಮಲಗಿಸುತ್ತಿದ್ದೆಯಂತೆ. ಆ ಹಾಡು ನನಗೂ ಇಷ್ಟ. ಈಗಲೂ ಬಸ್ಸಿನಲ್ಲಿ ಯಾರಾದರೂ ಹಾಕಿದರೆ ಮೈ ಜುಮ್ಮೆನ್ನುತ್ತದೆ, ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ಕಳೆದ ವರ್ಷ ಆ ಹುಡುಗ ತನ್ನ ಹೆಂಡತಿಯ ದವಡೆಯನ್ನು ಎರಡು ಕಡೆ ಮುರಿದ. ಆಕೆಯೂ ನಮಗೆ ಹೊರಗಿನವಳೇನಲ್ಲ. ಒಂಬತ್ತು ವರ್ಷ ದಿನಾ ಸಂಜೆ ಏಳಕ್ಕೆ ನಮ್ಮ ಟಿವಿಯಲ್ಲಿ ಬಂದು ವಾರ್ತೆ ಓದಿ ಹೋಗುತ್ತಿದ್ದವಳು. ನೀನು ಅವಳ ಮಾತು ಎಷ್ಟು ಸ್ಪಷ್ಟ ಅಂತ ಹೊಗಳಿ, ನನ್ನ ಗಡಿಬಿಡಿ ಮಾತಿಗೆ ಬೈಯುತ್ತಿದ್ದೆ. ಆರು ವಾರ ಆಕೆ ಬಾಯಿ ತೆರೆಯದಂತೆ ತಂತಿ ಬಿಗಿಸಿಕೊಂಡು ಕೊಳವೆಯಲ್ಲಿ ಗಂಜಿ ಕುಡಿದಳು.

ಎಂಟು ತಿಂಗಳಾದ ಮೇಲೆ ಅವನು ಟಿವಿಗೆ ಬಂದು ಅತ್ತ. ನೀನೂ ಅತ್ತೆ. "ಪಾಪ, ಗಂಡಸು ಅಷ್ಟು ಜನರ ಮುಂದೆ ಕಣ್ಣೀರು ಹಾಕೋದು ಅಂದ್ರೆ ಸುಮ್ನೇನಾ" ಅಂದೆ. ಆಕೆಗೆ ಅಳೋಕೂ ಬಾಯಿ ತೆರೆಯೋಕೆ ಆಗ್ತಿರ್ಲಿಲ್ಲ ಅಂತ ನಾನು ಅಂದದ್ದಕ್ಕೆ ನೀನು ಟಿವಿಯ ಸದ್ದು ಜಾಸ್ತಿ ಮಾಡಿದೆ. ಇದು ವ್ಯಕ್ತಿಯ ತಪ್ಪಲ್ಲ, ವ್ಯವಸ್ಥೆಯ ತಪ್ಪು ಅಂತ ನಾನು ಮಹಿಳಾ ಸಂಘದ ಕರಪತ್ರದ ಭಾಷೆಯಲ್ಲಿ ಶುರು ಮಾಡಿದರೆ, "ವ್ಯವಸ್ಥೆ ಬಂದು ಪಾತ್ರೆ ತೊಳೆಯುತ್ತಾ? ಏಳು" ಅಂದೆ. ಅವತ್ತು ನಗು ಬಂದಿತ್ತು. ಈಗ ಬರುವುದಿಲ್ಲ.

ಆಕೆ ಮಾಡಿದ ತಪ್ಪು ನೆನಪಿದೆಯಾ? ಕೋರ್ಟಿನ ಮೆಟ್ಟಿಲ ಮೇಲೆ ವರದಿಗಾರರು ದಿನಾ ಮುತ್ತಿಕೊಂಡು, "ಮೇಡಂ, ಕ್ಷಮಿಸ್ತೀರಾ? ಮೇಡಂ, ಯಾವಾಗ ಕ್ಷಮಿಸ್ತೀರಾ?" ಅಂತ ಮೈಕು ಚುಚ್ಚುತ್ತಿದ್ದರು. ಒಂದು ದಿನ ಆಕೆ ಕೈಯಲ್ಲಿದ್ದ ನೀರಿನ ಬಾಟಲಿ ಎಸೆದಳು. ಅದು ಒಂದು ಮೈಕಿಗೆ ತಗುಲಿತು. ಮನುಷ್ಯರಿಗಲ್ಲ, ಮೈಕಿಗೆ. ಆ ಅರ್ಧ ನಿಮಿಷವನ್ನು ಎಷ್ಟು ಸಲ ತೋರಿಸಿದರೋ. ಗಂಡಬೀರಿ ಅಂದರು. ಬಾಟಲಿ ಎಸೆಯೋಳು ಮನೇಲಿ ಇನ್ನೇನೇನು ಎಸೀತಿದ್ಲೋ ಅಂದರು. ನೀನೂ "ಇಂಥವಳ ಜೊತೆ ಬಾಳೋದು ಅವನಿಗೂ ಕಷ್ಟವೇ ಇತ್ತೇನೋ" ಅಂದೆ. ವೀಕ್ಷಕರಿಗೆ ಇಷ್ಟವಾಗುತ್ತಿಲ್ಲ ಅಂತ ಚಾನೆಲ್ಲಿನವರು ಆಕೆಯನ್ನು ತೆಗೆದರು. ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಅವನು ಎಲ್ಲಿದ್ದಾನೆ ಅಂತ ನನಗೆ ಚೆನ್ನಾಗಿ ಗೊತ್ತು. ಐದು ಸಾವಿರ ಪೋಸ್ಟರಿನಲ್ಲಿ, ಊರ ಗೋಡೆಗಳ ಮೇಲೆ, ನನ್ನ ಮೇಜಿನ ಮೇಲೂ, ಎದೆಯ ಮೇಲೆ ಕೈಯಿಟ್ಟು ನಗುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ: 'ನೀವು ಕ್ಷಮಿಸಿದ್ದೀರಿ, ನಾನು ಹಾಡುತ್ತೇನೆ.'

ಆ ಸಾಲಿನ ಕರಡು ತಿದ್ದಿದ್ದು ನಾನೇ. ಒಂದು ಅಕ್ಷರವೂ ತಪ್ಪಿರಲಿಲ್ಲ. ತಿದ್ದಲು ಏನೂ ಸಿಗದೆ ಸಹಿ ಹಾಕಿ ಕಳಿಸಿದೆ.

ಇದಕ್ಕೂ ನಮ್ಮ ಮನೆಗೂ ಏನು ಸಂಬಂಧ ಅನ್ನುತ್ತೀಯ. ನಮ್ಮ ಅಣ್ಣ ಹಾಡುವುದಿಲ್ಲ, ಬಲ್ಬು ಹಾಕುತ್ತಾನೆ, ಅಷ್ಟೇ ವ್ಯತ್ಯಾಸ. ಬೀದಿಯಲ್ಲಿ ಯಾರ ಮನೆಯ ಫ್ಯೂಸು ಹೋದರೂ ಊಟ ಬಿಟ್ಟು ಎದ್ದು ಹೋಗುವ ಎಲೆಕ್ಟ್ರಿಷಿಯನ್. ಮುದುಕಿಯರ ಕೈಚೀಲ ಹೊತ್ತು ಮೆಟ್ಟಿಲು ಹತ್ತಿಸುವವನು. ಮೂರು ತಿಂಗಳ ಹಿಂದೆ, ಆ ಬುಧವಾರ ಸಂಜೆ ಐದೂವರೆಗೆ ಅದೇ ಕೈ ಅತ್ತಿಗೆಯ ಬಾಯಿಗೆ ಬಿತ್ತು, ಎರಡು ಸಲ. ಮುಂದಿನ ಹಲ್ಲು ಅರ್ಧ ಹೋಯಿತು. ಕಾರಣ ನೀನು ಹೇಳಿದ್ದು: ಅತ್ತಿಗೆ ಹೊಲಿಗೆ ಅಂಗಡಿಯಿಂದ ಬರುವುದು ತಡವಾಗಿತ್ತು, ಅವನಿಗೆ ಹಸಿವಾಗಿತ್ತು. ಶಾಲೆ ಶುರುವಾಗುವ ವಾರ, ಮುನ್ನೂರು ಯೂನಿಫಾರ್ಮಿಗೆ ಗುಂಡಿ ಹಾಕಿ ಬಂದವರಿಗೆ ಹಸಿವಾಗಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಅತ್ತಿಗೆ ಬರಿಗಾಲಲ್ಲಿ ಬೀದಿಗೆ ಓಡಿ, ಬಾಯಿಂದ ರಕ್ತ ಸುರಿಯುತ್ತಿದ್ದಾಗಲೇ ಕೂಗಿದರು. "ಬನ್ನಿ, ನೋಡಿ! ನಿಮ್ಮನೇಗೆಲ್ಲ ದೀಪ ಹಾಕಿಕೊಡೋ ಪುಣ್ಯಾತ್ಮ ನನಗೇನು ಮಾಡಿದಾನೆ ನೋಡಿ!" ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟು ನೋಡಿದ, ಮತ್ತೆ ಕೈಗೆತ್ತಿಕೊಂಡ. ಗಂಡಹೆಂಡತಿ ವಿಷಯ ಮನೆಯೊಳಗಿದ್ದರೆ ಚೆಂದ ಅಂದನಂತೆ. ಔಷಧಿ ಅಂಗಡಿಯ ಆಂಟಿ ಹತ್ತಿ ಕೊಟ್ಟರು, ಜೊತೆಗೆ "ಇಷ್ಟು ಜೋರಾಗಿ ಕೂಗ್ಬಾರ್ದಮ್ಮಾ, ಹೆಣ್ಮಗಳು" ಅನ್ನುವ ಬುದ್ಧಿಮಾತನ್ನೂ ಕೊಟ್ಟರು. ಮಾರನೆಯ ವಾರ ಅದೇ ಆಂಟಿ ಫ್ರಿಜ್ಜು ಕೆಟ್ಟಿದೆ ಅಂತ ಅಣ್ಣನನ್ನೇ ಕರೆದರು. ಒಳ್ಳೇ ಹುಡುಗ, ಯಾವತ್ತೋ ಒಂದ್ಸಲ ಕೈ ಮೀರ್ತು ಅಂದರು. ಅತ್ತಿಗೆಯ ಕೂಗು ಮಾತ್ರ ಇವತ್ತಿಗೂ ಯಾರ ಕಿವಿಯಿಂದಲೂ ಹೋಗಿಲ್ಲ. ಹೊಡೆದವನಿಗೆ ಒಂದು ವಾರ ಸಾಕಾಯಿತು. ಕೂಗಿದವರು ಮೂರು ತಿಂಗಳಾದ ಮೇಲೂ ತಪ್ಪಾಯ್ತು ಅನ್ನಬೇಕು, ಅದಕ್ಕೆ ಪತ್ರ ನಾನು ಬರೆಯಬೇಕು.

ಅವತ್ತು ನಾನು ಎಲ್ಲಿದ್ದೆ ಅನ್ನುವ ಮಾತು ಈಗ ಬೇಡ. ನಿನಗೆ ಗೊತ್ತಿದೆ. ಮುಂದೆ ಹೋಗೋಣ.

ಈ ವಾರ ಪ್ರೆಸ್ಸಿನಲ್ಲಿ ಒಂದು ರಾದ್ಧಾಂತವಾಯಿತು. ನಿನ್ನ ಕಿವಿಗೆ ಅದು ಹೇಗೆ ಬಂದಿದೆಯೋ ಗೊತ್ತಿಲ್ಲ, ಆದದ್ದನ್ನು ನಾನೇ ಹೇಳುತ್ತೇನೆ. ಹೊಸ ಕೆಲಸ ಮೆಷಿನ್ನಿಗೆ ಹಾಕಿದಾಗ ಮೊದಲ ನೂರು ಹಾಳೆ ಹಾಳಾಗಿಯೇ ಹೋಗುತ್ತದೆ. ಶಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದಕ್ಕೆ ಒಳ್ಳೆಯ ಕಾಗದ ಯಾಕೆ ದಂಡ ಅಂತ, ಹಿಂದಿನ ಕೆಲಸದ ಕೆಟ್ಟ ಹಾಳೆಗಳನ್ನೇ ಮತ್ತೆ ಓಡಿಸುತ್ತಾರೆ. ಸೋಮವಾರ ಪೋಸ್ಟರು ಮುಗಿಯಿತು. ಬಣ್ಣ ಸರಿಯಾಗಿ ಕೂರದೆ, ಗಾಯಕನಿಗೆ ನಾಲ್ಕು ಕಣ್ಣು ಬಂದ ಹಾಳೆಗಳು ಒಂದು ರಾಶಿ ಉಳಿದಿದ್ದವು. ಅದರ ಹಿಂದೆಯೇ ಮೆಷಿನ್ನಿಗೆ ಬಂದದ್ದು ಮಹಿಳಾ ಸಂಘದವರ ಕರಪತ್ರ. ನಾನು ಈ ಪ್ರೆಸ್ಸಿಗೆ ಸೇರಿದ ದಿನದಿಂದ ಓದಿ ಕಲಿತದ್ದೆಲ್ಲ ಅವರ ಕರಪತ್ರಗಳಿಂದಲೇ ಅಂತ ನಿನಗೆ ಗೊತ್ತು. ಕಾಲೇಜು ಮೆಟ್ಟಿಲು ಹತ್ತದವಳಿಗೆ ಕರಡು ತಿದ್ದುವ ಮೇಜೇ ಕಾಲೇಜು. ಮೆಷಿನ್ ಓಡಿಸುವವರನ್ನು ನಾವೆಲ್ಲ ಮೆಷಿನ್ನಿನ ಮಾವ ಅನ್ನುವುದು. ಅವರು ಆ ನಾಲ್ಕು ಕಣ್ಣಿನ ಹಾಳೆಗಳ ಮೇಲೆಯೇ ಕರಪತ್ರ ಓಡಿಸಿ ಶಾಯಿ ಹದ ಮಾಡಿಕೊಂಡರು. ಒಂದು ಹಾಳೆ ಎತ್ತಿ ನೋಡಿದರೆ ಗಾಯಕನ ಹಣೆಯ ಮೇಲೆ ಸರಿಯಾಗಿ ಕರಪತ್ರದ ತಲೆಬರಹ ಕೂತಿತ್ತು: 'ಕ್ಷಮಿಸುವ ಹಕ್ಕು ಏಟು ತಿಂದವಳದು ಮಾತ್ರ.' ಮಾವ ಹೊಟ್ಟೆ ಹಿಡಿದು ನಕ್ಕರು. "ಹಣೆಬರಹ ಅಂದ್ರೆ ಇದು ನೋಡು ಮಗಾ" ಅಂದರು.

ಆ ರದ್ದಿಯನ್ನು ಕಟ್ಟಿಡುವುದು ನನ್ನ ಕೆಲಸ. ಧೂಳು ಕೂರಬಾರದು ಅಂತ ಮೇಲೊಂದು ಹಾಳೆ ಮುಚ್ಚಬೇಕು. ಕೈಗೆ ಸಿಕ್ಕಿದ್ದು ಉಳಿದಿದ್ದ ಒಂದು ಒಳ್ಳೆಯ ಪೋಸ್ಟರು. ಅದನ್ನೇ ಮುಚ್ಚಿ ಹುರಿ ಬಿಗಿದು ಬಾಗಿಲ ಬಳಿ ಇಟ್ಟೆ. ಕಟ್ಟಿನ ಮೇಲೆ ಯಾವ ಹಾಳೆ ಇದೆಯೋ ಒಳಗೂ ಅದೇ ಇದೆ ಅನ್ನುವುದು ಪ್ರೆಸ್ಸಿನ ಲೆಕ್ಕ. ಮೂರು ವರ್ಷದಿಂದ ಇದನ್ನೇ ಮಾಡುತ್ತಿರುವವಳು ಅದನ್ನು ಮರೆತೆ. ಮಾರನೆಯ ದಿನ ಬೆಳಿಗ್ಗೆ ಪೋಸ್ಟರು ಅಂಟಿಸುವವರು ಬಂದು ಆ ಕಟ್ಟನ್ನೂ ಹೊತ್ತುಕೊಂಡು ಹೋದರು. ಬಸ್ ನಿಲ್ದಾಣದಿಂದ ಕ್ರೀಡಾಂಗಣದವರೆಗೆ ಅರವತ್ತು ಕಡೆ ನಾಲ್ಕು ಕಣ್ಣಿನ ಗಾಯಕ, ಹಣೆಯ ಮೇಲೆ ಆ ಸಾಲು! ಯಾಕ್ರಪ್ಪಾ ಕಣ್ಣಿಗೆ ಕಾಣ್ಲಿಲ್ವಾ ಅಂತ ಪ್ರೆಸ್ಸಿನ ಯಜಮಾನರು ಕೂಗಾಡಿದರೆ, ಅಂಟಿಸುವವರು "ಈಗಿನ ಕಾಲದ ಡಿಸೈನೇ ಹೀಗೆ ಅನ್ಕೊಂಡ್ವಿ ಸಾರ್" ಅಂದರಂತೆ.

ಯಜಮಾನರು ನನ್ನನ್ನು ಕರೆದು, ಬಿಳಿ ಹಾಳೆ ಮುಂದಿಟ್ಟು, ಕಾರ್ಯಕ್ರಮದವರಿಗೆ ಕ್ಷಮಾಪಣೆ ಬರಿ ಅಂದರು. ಇಲ್ಲದಿದ್ದರೆ ನಾಳೆಯಿಂದ ಬರಬೇಡ ಅಂದರು. ಬರೆದೆ ಅಮ್ಮಾ. 'ನನ್ನ ಅಜಾಗರೂಕತೆಯಿಂದ ಮಾನ್ಯ ಗಾಯಕರ ಗೌರವಕ್ಕೆ ಧಕ್ಕೆಯಾಗಿದ್ದಕ್ಕೆ ಕ್ಷಮೆ ಕೋರುತ್ತೇನೆ.' ಒಂದು ದವಡೆಗೆ ಟಿವಿಯಲ್ಲಿ ಅತ್ತರೆ ಆಯಿತು, ಒಂದು ಕಟ್ಟು ರದ್ದಿಗೆ ಸಹಿ, ತಾರೀಕು, ಸಾಕ್ಷಿಗೆ ಇಬ್ಬರು. ಆಗ ಬಂದದ್ದು ಬರೀ ಸಿಟ್ಟು ಅಂತ ಅಂದುಕೊಂಡಿದ್ದೆ.

ಸಂಜೆ ಸಂಘದ ಅಕ್ಕಂದಿರು ಬಂದರು. ತಬ್ಬಿಕೊಂಡರು. "ಎಂಥಾ ಗುಂಡಿಗೆ ನಿಂದು! ನಾವು ಹತ್ತು ವರ್ಷದಲ್ಲಿ ಮಾಡದ್ದನ್ನ ಒಂದೇ ಬೆಳಿಗ್ಗೆ ಮಾಡಿದೀಯ" ಅಂದರು. ಅದು ಮರೆವು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ನಕ್ಕೆ, ದೊಡ್ಡ ಕೆಲಸ ಮಾಡಿ ವಿನಯ ತೋರಿಸುವವರ ಹಾಗೆ. ಮುಂದಿನ ಸಭೆಯಲ್ಲಿ ನೀನೇ ಮಾತಾಡಬೇಕು ಅಂದರು, ಆಗಲಿ ಅಂದೆ. ಬಾಯಿ ತೆರೆದರೆ ನ್ಯಾಯ ಅನ್ನುವ ನಿನ್ನ ಮಗಳು ಹೀಗೆ ಒಂದೇ ದಿನದಲ್ಲಿ ಒಂದು ಮರೆವಿಗೆ ಕ್ಷಮೆ ಕೇಳಿ, ಮಾಡದ ಧೈರ್ಯಕ್ಕೆ ಚಪ್ಪಾಳೆ ಗಿಟ್ಟಿಸಿದಳು.

ನಿನ್ನೆ ಅತ್ತಿಗೆ ಬಂದಿದ್ದರು.

ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗೋಡೆ ನೋಡಿದ್ದಾರೆ. ಮುಂದಿನ ನಿಲ್ದಾಣದಲ್ಲೇ ಇಳಿದು, ನಡೆದುಕೊಂಡು ವಾಪಸ್ಸು ಬಂದು, ಪೂರ್ತಿ ಓದಿ, ಅಲ್ಲಿಂದ ನೇರ ಪ್ರೆಸ್ಸಿಗೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ನಿಂದೇ ಕೆಲಸ ತಾನೇ? ಹೇಳು, ನಿಂದೇ ತಾನೇ?" ಅಂತ ನನ್ನ ಭುಜ ಹಿಡಿದು ಅಲುಗಾಡಿಸಿದರು. ಹೌದು ಅಂದೆ. ಅವರು ನಕ್ಕರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ ಈಗ. ಮೊದಲು ಅವರು ಬಾಯಿ ತುಂಬ ನಗುತ್ತಿದ್ದದ್ದು, ನೀನು ಅದಕ್ಕೂ ಗೊಣಗುತ್ತಿದ್ದದ್ದು ನೆನಪಾಯಿತು.

ಹಿಂದಿನ ಕೋಣೆಯಲ್ಲಿ, ನಾನೀಗ ಕೂತಿರುವ ಇದೇ ಬೆಂಚಿನ ಮೇಲೆ ಕೂತು ಟೀ ಕುಡಿದೆವು. ಭಾನುವಾರ ಅಣ್ಣ ಬರುತ್ತಾನೆ ಅಂತ ಅವರ ಅಕ್ಕನಿಗೆ ಸುದ್ದಿ ಹೋಗಿದೆ. ಅಕ್ಕನ ಮನೆಯಲ್ಲಿ ಒಂದೇ ಕೋಣೆ, ನಾಲ್ಕು ಜನ. ಅಕ್ಕನ ಗಂಡ ದಿನಾ "ನಿಮ್ಮನೆ ಯಾವಾಗ ಸರಿಹೋಗುತ್ತೆ" ಅಂತ ಕೇಳುತ್ತಾರಂತೆ. ಅಲ್ಲಿ ಯಾರೂ ಅವರನ್ನು ಹೋಗು ಅನ್ನುತ್ತಿಲ್ಲ, ಆದರೆ ಇರು ಅಂತಲೂ ಅನ್ನುತ್ತಿಲ್ಲ. ಒಂದು ಒಳ್ಳೆಯ ಪತ್ರ ಕೈಗೆ ಬಂದರೆ ಎಲ್ಲರೂ ಸೇರಿ ಅವರನ್ನು ಕಳಿಸಿಯೇ ಬಿಡುತ್ತಾರೆ. ಪತ್ರಕ್ಕೆ ನೀನು ಯಾಕೆ ಅಷ್ಟು ಅಂಗಲಾಚಿದೆ ಅನ್ನುವುದು ನನಗೆ ಆಗ ಹೊಳೆಯಿತು.

ಆಮೇಲೆ ಅವರು ಒಂದು ಮಾತು ಕೇಳಿದರು. ಅದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಹೊಡ್ತ ಒಂದಲ್ಲ ಒಂದು ದಿನ ಮರೀಬೋದು ಕಣೇ. ಆದ್ರೆ ಅವತ್ತು ಬೀದೀಲಿ ನಿಂತು ಮನೆ ಕಡೆ ನೋಡಿ ಕೂಗ್ತಾ ಇದ್ದೀನಿ, ಯಾರೋ ಒಳಗಿಂದ ಬಂದು ಕಿಟಕಿ ಮುಚ್ಚಿದ್ರು. ಬಿಸಿಲು ಕಣ್ಣಿಗೆ ಹೊಡೀತಿತ್ತು, ಕೈ ಮಾತ್ರ ಕಾಣ್ತು. ಬಾಗಿಲು ತೆಗೀತಾರೆ ಅನ್ಕೊಂಡಿದ್ದೆ ನಾನು. ಅತ್ತೇನೇ ತಾನೇ ಅದು?" ನೀನಿರಲಿಲ್ವಾ ಅಂತ ನನ್ನನ್ನೂ ಕೇಳಿದರು. ನಾನು ಪ್ರೆಸ್ಸಲ್ಲಿದ್ದೆ ಅಂದೆ. "ಹಾಗಾದ್ರೆ ಅತ್ತೇನೇ" ಅಂದರು. ಲೋಟ ಕೆಳಗಿಟ್ಟು, "ಆ ಕೈ ಬಡಿಸಿದ ಊಟ ನನ್ನ ಗಂಟಲಲ್ಲಿ ಇಳಿಯಲ್ಲ" ಅಂದರು.

ಓದುವುದನ್ನು ನಿಲ್ಲಿಸಬೇಡ ಅಮ್ಮಾ. ಇನ್ನು ಸ್ವಲ್ಪವೇ ಇದೆ.

ನೀನು ಕೆಟ್ಟವಳು ಅಂತ ನಾನು ಹೇಳುತ್ತಿಲ್ಲ. ಫೋನನ್ನು ನೀನು ಯಾವತ್ತೂ ಬಲಗಿವಿಗೇ ಹಿಡಿಯುವುದು ಯಾಕೆ ಅಂತ ಕೇಳಬಾರದು ಅನ್ನುವುದನ್ನು ನಾನು ಚಿಕ್ಕಂದಿನಲ್ಲೇ ಕಲಿತೆ. ಅಪ್ಪ ಹೋದ ಮೇಲೂ ಕೇಳಲಿಲ್ಲ. ಎಲ್ಲವನ್ನೂ ಕ್ಷಮಿಸಿ ಕ್ಷಮಿಸಿಯೇ ನೀನು ಈ ಮನೆಯನ್ನು ನಿಲ್ಲಿಸಿದೆ. ಈಗ ಸೊಸೆ ಕ್ಷಮಿಸಲ್ಲ ಅಂದರೆ ನೀನು ಮಾಡಿದ್ದೆಲ್ಲ ನೀರಲ್ಲಿ ಹೋಯಿತು ಅಂತ ನಿನಗೆ ಅನ್ನಿಸುತ್ತದೆ, ಅಲ್ವಾ? ನನಗೆ ಅರ್ಥವಾಗುತ್ತದೆ. ಆದರೂ ನಿನ್ನ ಕೇಳಿಸದ ಎಡಗಿವಿಯ ಬಾಕಿಯನ್ನು ಅತ್ತಿಗೆಯ ಹಲ್ಲಿನಿಂದ ತೀರಿಸಲು ನಾನು ಬಿಡುವುದಿಲ್ಲ.

ಭಾನುವಾರ ಅಣ್ಣನನ್ನು ಅಲ್ಲಿಗೆ ಕಳಿಸಬೇಡ. ಕಳಿಸಿದರೆ ಆ ಮನೆಯ ಮೆಟ್ಟಿಲ ಮೇಲೆ ನಾನು ಕೂತಿರುತ್ತೇನೆ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಇನ್ನೊಂದು ಮಂಚ ಖಾಲಿಯಾಗಿದೆ, ವಾರ್ಡನ್ ಹತ್ತಿರ ಮಾತಾಡಿದ್ದೇನೆ. ಅತ್ತಿಗೆ ಬರಲಿ ಬಿಡಲಿ, ಅದು ಅವರಿಗೆ ಬಿಟ್ಟದ್ದು. ಎರಡು ಪಾಸು ನನ್ನ ಪಾಲಿಗೆ ಬಂದಿದ್ದವು, ನಿಜ. ಮೆಷಿನ್ನಿನ ಮಾವನಿಗೆ ಕೊಟ್ಟೆ. ನಾಲ್ಕು ಕಣ್ಣಿನವನು ಎರಡು ಕಣ್ಣಲ್ಲಿ ಹೇಗೆ ಕಾಣ್ತಾನೋ ನೋಡ್ಬೇಕು ಅಂದರು.

ಬಿಡುವು ಮುಗಿಯಿತು, ಯಜಮಾನರು ಎರಡು ಸಲ ಇಣುಕಿ ಹೋದರು. ಮಾತ್ರೆ ತಪ್ಪಿಸಬೇಡ. ಸಿಟ್ಟಿದ್ದರೆ ಬೈದು ಬರಿ, ಆದರೆ ಬರಿ.

ನಿನ್ನ ಮಡಿಲಲ್ಲಿ ಆ ಜೋಗುಳ ಕೇಳಿ ಬೆಳೆದ,
ಕಿರಿಯವಳು

ಮರೆತು ಬಿಟ್ಟದ್ದು: ಹಾಗಂತ ಬರೆದರೆ ಸುಳ್ಳಾಗುತ್ತದೆ, ಮರೆತಿರಲಿಲ್ಲ. ಇದನ್ನು ಬರೆಯಲಾರದೆಯೇ ಇಷ್ಟು ಹಾಳೆ ಸುತ್ತಿದ್ದು. ಅವತ್ತು ಐದೂವರೆಗೆ ನಾನು ಪಕ್ಕದ ಕೋಣೆಯಲ್ಲಿ ಕೂತು ಸಂಘದ ಇನ್ನೊಂದು ಕರಪತ್ರದ ಕರಡು ತಿದ್ದುತ್ತಿದ್ದೆ. ಮೊದಲ ಏಟು ಕೇಳಿತು. ಎರಡನೆಯದೂ ಕೇಳಿತು. ಏಳಲಿಲ್ಲ, ಒಂದು ಪದಕ್ಕೆ ಬಿಟ್ಟುಹೋಗಿದ್ದ ದೀರ್ಘ ಹಾಕಿದೆ. ಅತ್ತಿಗೆ ಬೀದಿಯಲ್ಲಿ ಕೂಗಿದಾಗ ಮಾತ್ರ ಎದ್ದೆ, ಎಲ್ಲರೂ ನಮ್ಮ ಮನೆಯನ್ನೇ ನೋಡುತ್ತಿದ್ದಾರೆ ಅಂತ ನಾಚಿಕೆಯಾಗಿ ಕಿಟಕಿ ಮುಚ್ಚಿದೆ. ತಿರುಗಿದರೆ ನೀನು ಬಾಗಿಲಲ್ಲಿ ನಿಂತಿದ್ದೆ. ನನ್ನ ತಲೆ ಸವರಿ ಒಳಗೆ ಹೋದೆ. ಅಣ್ಣನನ್ನು ಕ್ಷಮಿಸಿದ ಹಾಗೆಯೇ ನನ್ನನ್ನೂ ಕ್ಷಮಿಸಿದೆ, ಅದೇ ಸಂಜೆ, ಅಷ್ಟೇ ಸುಲಭವಾಗಿ. ಆ ಕ್ಷಮೆಯನ್ನು ವಾಪಸ್ಸು ತಗೋ ಅಮ್ಮಾ, ಅದು ನೀನು ಕೊಡುವಂಥದ್ದಲ್ಲ. ಶನಿವಾರ ಕೆಲಸ ಮುಗಿದ ಕೂಡಲೇ ಅತ್ತಿಗೆಯ ಹತ್ತಿರ ಹೋಗಿ ಆ ಕೈ ಯಾರದು ಅಂತ ಹೇಳುತ್ತೇನೆ. ನನ್ನ ಮುಖದ ಮೇಲೆ ಬಾಗಿಲು ಹಾಕಿದರೂ ಮೆಟ್ಟಿಲು ಬಿಟ್ಟು ಏಳುವುದಿಲ್ಲ. ನಿನ್ನ ವಿಷಯ ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ. ಅಮ್ಮ ಕಿಟಕಿ ಮುಚ್ಚಲಿಲ್ಲ. ತೆರೆಯಲೂ ಇಲ್ಲ.